ಕಳಲೆಯಿಂದ ಮಣಿಕಟ್ಟಿನ ಒಳಕ್ಕೆ

ಕಬಿನಿ ನಾಲೆಗೆ ನೀರು ಬಿಟ್ಟ ಮೇಲೆ ನಂಜನಗೂಡಿನಿಂದ ಕಳಲೆಗೆ ಹೋಗುವಾಗ ನೋಡಬೇಕಾದ್ದು ಕೈಗಳನ್ನು. ಒಟ್ಲಿನಿಂದ ಪೈರು ಕಿತ್ತು, ಬುಡದ ಕೆಸರು ತೊಳೆದು ಕಟ್ಟು ಕಟ್ಟುವ ಕೈ. ಪೈರು ಊರುತ್ತ ಹಿಂದಹಿಂದಕ್ಕೆ ಸರಿಯುವ ಹೆಂಗಸರ ಕೈ. ಬದುವಿನ ಮೇಲೆ ಕುಡುಗೋಲು ಹಿಡಿದು ಹಸುವಿಗೆ ಹುಲ್ಲು ಕೊಯ್ಯುವ ಕೈ. ಬೆರಳುಗಳ ಕೆಲಸ ಕಣ್ಣಿಗೆ ಬೀಳುತ್ತದೆ. ಬೆರಳುಗಳ ಹಿಂದೆ ನಿಂತು ಮಣಿಕಟ್ಟು ಮಾಡುವ ಕೆಲಸ ಬೀಳುವುದಿಲ್ಲ. ಪೈರು ಊರುವಾಗ ಅದು ಮುಂದಕ್ಕೆ ಬಾಗುತ್ತದೆ, ಕುಡುಗೋಲು ಎಳೆಯುವಾಗ ಕಿರುಬೆರಳಿನ ಕಡೆಗೆ ವಾಲುತ್ತದೆ, ನೆಲಕ್ಕೆ ಕೈ ಊರಿ ಏಳುವಾಗ ಪೂರ್ತಿ ಹಿಂದಕ್ಕೆ ಮಡಚಿ ಮೈಭಾರ ಹೊರುತ್ತದೆ. ಆ ಭಾರದಲ್ಲಿ ಸುಮಾರು 80 ಪಾಲು ಹೆಬ್ಬೆರಳಿನ ಕಡೆಯ ಮುಂಗೈ ಮೂಳೆಗೆ, ಉಳಿದ 20 ಪಾಲು ಕಿರುಬೆರಳಿನ ಕಡೆಯದಕ್ಕೆ ಹೋಗುತ್ತದೆ. ಅಂಗೈಗೂ ಮುಂಗೈಗೂ ನಡುವೆ ಸಿಕ್ಕಿಕೊಂಡು ಅದನ್ನೆಲ್ಲ ದಾಟಿಸುವುದು ಎಂಟು ಸಣ್ಣ ಮೂಳೆಗಳು.

ಆ ಎಂಟರಲ್ಲಿ ಒಂದರ ನಡುವೆ ಟೊಳ್ಳಾಗಿ, ಒಳಗೆ ಲೋಳೆ ತುಂಬಿಕೊಂಡರೆ ಏನಾಗುತ್ತದೆ, ಅದನ್ನು ಕೈ ದೊಡ್ಡದಾಗಿ ಕೊಯ್ಯದೆ ಹೇಗೆ ಸರಿಪಡಿಸುತ್ತಾರೆ, ಹಳ್ಳಿಯ ಜಗಲಿಯಿಂದ ಆ ಚಿಕಿತ್ಸೆಯ ಮೇಜಿಗೆ ದಾರಿ ಎಷ್ಟು ಉದ್ದ ಎಂಬುದನ್ನು ನೋಡಲು ಹೊರಟು ನಾನು ಮೊದಲು ಇಳಿದದ್ದು ಕಳಲೆಯಲ್ಲಿ.

ಇಂದು ನೋಡುವವರಿಗೆ ಕಳಲೆ ನಂಜನಗೂಡು ತಾಲ್ಲೂಕಿನ ಒಂದು ಹಳ್ಳಿ. ಮೈಸೂರಿನ ಚರಿತ್ರೆ ಓದಿದವರಿಗೆ ಅಷ್ಟೇ ಅಲ್ಲ. ಒಡೆಯರ ಸೈನ್ಯಕ್ಕೆ ದಳವಾಯಿಗಳನ್ನು ಕೊಟ್ಟ ಅರಸು ಮನೆತನ ಇಲ್ಲಿಯದು. 18ನೇ ಶತಮಾನದ ನಡುಭಾಗದಲ್ಲಿ ದಳವಾಯಿ ದೇವರಾಜಯ್ಯ, ಕರಾಚೂರಿ ನಂಜರಾಜಯ್ಯ ಇವರ ಮಾತೇ ಮೈಸೂರಿನಲ್ಲಿ ನಡೆಯುತ್ತಿತ್ತು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೈದರಾಲಿ ಮೊದಲು ಹೆಸರು ಮಾಡಿದ್ದು ಇದೇ ನಂಜರಾಜಯ್ಯನ ಕೈಕೆಳಗೆ. ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಕಂಬಗಳ ನಡುವೆ ನಿಂತಾಗ ಆ ಕಾಲದ ಠೀವಿ ಸ್ವಲ್ಪ ಅಂದಾಜಿಗೆ ಸಿಗುತ್ತದೆ.

ನಾನು ಹುಡುಕಿಕೊಂಡು ಹೋದ ಹೆಸರು ಮಾತ್ರ ಬೇರೆ. ನಂಜರಾಜಯ್ಯನ ತಂದೆ ವೀರರಾಜ. ತೆಲುಗಿನಲ್ಲಿ ಮಹಾಭಾರತವನ್ನು ಗದ್ಯದಲ್ಲಿ ಬರೆಸಿದ, ಬರೆದ ಮನುಷ್ಯ. ಕನ್ನಡದಲ್ಲಿ ಅವನ ಹೆಸರಿನಲ್ಲಿರುವುದು ಒಂದು ವೈದ್ಯಗ್ರಂಥ, ‘ಸಕಲ ವೈದ್ಯ ಸಂಹಿತಾ ಸಾರಾರ್ಣವ’. ಯುದ್ಧವೇ ಕಸುಬಾದ ಮನೆತನದಿಂದ ವೈದ್ಯದ ಹೊತ್ತಗೆ ಬಂದದ್ದು ನನಗೆ ಸಹಜವಾಗಿಯೇ ತೋರುತ್ತದೆ. ಮುರಿದ ಮೂಳೆ, ಕೊಳೆತ ಗಾಯ, ಜ್ವರ ಇವು ದಂಡಿನ ಜೊತೆಗೇ ನಡೆಯುತ್ತವೆ. ಸಂಸ್ಕೃತದಲ್ಲಿದ್ದ ತಿಳಿವಳಿಕೆಯನ್ನು ಜನರ ಮಾತಿಗೆ ತರಬೇಕೆಂದು ಮುನ್ನೂರು ವರ್ಷಗಳ ಹಿಂದೆ ಈ ಊರಿನವನೊಬ್ಬ ಕುಳಿತನಲ್ಲ, ಅದು ದೊಡ್ಡ ಸಂಗತಿ. ಇವತ್ತು ಅದೇ ಊರಿನ ಬೀದಿಯಲ್ಲಿ ಕುಳಿತು ಮಣಿಕಟ್ಟಿನ ಮೂಳೆಯೊಳಗಿನ ಆ ಲೋಳೆಯ ಚೀಲದ, ಅಂದರೆ ಸಿಸ್ಟ್‌ನ ಬಗ್ಗೆ ಕನ್ನಡದಲ್ಲಿ ಮಾತಾಡಲು ಹೊರಟರೆ ಪದಗಳಿಗೆ ತಡಕಾಡಬೇಕಾಗುತ್ತದೆ.

ಬೀದಿಯ ಜಗಲಿಯೊಂದರಲ್ಲಿ ಮಾತಿಗೆ ಸಿಕ್ಕವರು ಎರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವ ಹೆಂಗಸು. ನಲವತ್ತರ ಆಸುಪಾಸಿನವರು. ಕೈನೋವಿನ ಮಾತು ತೆಗೆದ ಕೂಡಲೇ ಬಲಗೈ ಮುಂದೆ ಚಾಚಿ, ಎಡಗೈಯ ಹೆಬ್ಬೆರಳಿಂದ ಮಣಿಕಟ್ಟಿನ ಬೆನ್ನಿನ ನಟ್ಟನಡುವೆ ಒತ್ತಿ ತೋರಿಸಿದರು.

“ಇಲ್ಲೇ ಕನಪ್ಪ. ಕೈ ಊರಿ ಮೇಲೇಳಕ್ಕೆ ಆಗಲ್ಲ. ಹಿಟ್ಟು ತಿರುವುವಾಗ ಕೋಲು ಜಾರೋಗ್ತದೆ. ಈಗ ಸೊಸೆನೇ ತಿರುವೋದು.”

“ಊತ ಇದೆಯಾ ಅಕ್ಕ?”

“ಊತಾನೂ ಇಲ್ಲ, ಗಂಟೂ ಇಲ್ಲ. ಅದಕ್ಕೇ ಯಾರೂ ನಂಬಲ್ಲ.”

ಆ ಕೊನೆಯ ಮಾತಿನಲ್ಲಿ ಈ ಕಾಯಿಲೆಯ ಅರ್ಧ ಕಥೆ ಇದೆ. ಮಣಿಕಟ್ಟಿನ ಮೇಲೆ ಗೋಲಿಯಷ್ಟು ಗಂಟು ಎದ್ದವರನ್ನು ಎಲ್ಲರೂ ನಂಬುತ್ತಾರೆ. ಅದು ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಗ್ಯಾಂಗ್ಲಿಯಾನ್ ಎಂದು ವೈದ್ಯರು ಕರೆಯುವ ಆ ಗಂಟು ಕೀಲಿನ ಪದರದಿಂದ ಹೊರಕ್ಕೆ ಉಬ್ಬಿದ ಲೋಳೆಯ ಚೀಲ, ಬಹುಮಟ್ಟಿಗೆ ನಿರುಪದ್ರವಿ. ಅದೇ ಬಗೆಯ ಲೋಳೆಯ ಚೀಲ ಮೂಳೆಯ ಒಳಗೇ ಆದರೆ ಹೊರಗೆ ಏನೂ ತೋರುವುದಿಲ್ಲ. ನೋವೊಂದೇ ಗುರುತು. ಕಾಣದ ನೋವು, ಅದೂ ಹೆಂಗಸಿನದು, ಮನೆಯಲ್ಲಿ ಬೇಗ ಸುಳ್ಳಾಗಿಬಿಡುತ್ತದೆ. ಕೆಲಸಕ್ಕೆ ಕಳ್ಳಬಿದ್ದು ಹೇಳುವ ನೆಪವಾಗುತ್ತದೆ. ಈ ಅಕ್ಕ ಹರಳೆಣ್ಣೆ ಕಾಯಿಸಿ ತಿಕ್ಕಿಸಿಕೊಂಡಿದ್ದಾರೆ, ಉಳುಕು ತೆಗೆಸಿದ್ದಾರೆ, ವಾಯು ಎಂದವರ ಮಾತು ಕೇಳಿ ಆಲೂಗಡ್ಡೆ ಬಿಟ್ಟಿದ್ದಾರೆ. ಆಂಧ್ರದ ಪುತ್ತೂರಿನ ಹೆಸರಲ್ಲಿ ನಮ್ಮ ಕಡೆಯ ಪಟ್ಟಣಗಳಲ್ಲೂ ಬೋರ್ಡು ಹಾಕಿಕೊಂಡು ಕಟ್ಟುವ ‘ಪುತ್ತೂರು ಕಟ್ಟು’ ಕಟ್ಟಿಸಿಕೊಂಡಿದ್ದಾರೆ. ಕಟ್ಟಿನಲ್ಲಿದ್ದಷ್ಟು ದಿನ ನೋವು ಇಳಿದಿತ್ತಂತೆ. ಇಳಿಯಲೇಬೇಕು, ಕೈಗೆ ಬಿಡುವು ಸಿಕ್ಕಿತಲ್ಲ. ಬಿಚ್ಚಿದ ಮೇಲೆ ಹಾಲು ಕರೆಯಲು ಕುಳಿತ ದಿನವೇ ಮತ್ತೆ ಹಿಡಿಯಿತು. ಎಕ್ಸ್‌ರೇ ಮಾತ್ರ ತೆಗೆಸಿಲ್ಲ. “ಬಿದ್ದಿಲ್ಲ, ಮುರಿದಿಲ್ಲ, ಅದ್ಯಾಕೆ?” ಎಂದರು.

ಅವರ ನೋವಿಗೆ ಕಾರಣ ಸಿಸ್ಟೇ ಎಂದು ಜಗಲಿಯಲ್ಲಿ ಕುಳಿತು ಹೇಳಲು ನಾನು ಯಾರು? ಅದಕ್ಕೆ ಹತ್ತು ಕಾರಣ ಇರಬಹುದು. ಬೀಳದೆ, ಮುರಿಯದೆ ಇದ್ದರೂ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ನೋಯುವ ಮಣಿಕಟ್ಟಿಗೆ ಒಂದು ಎಕ್ಸ್‌ರೇ ಆಗಲೇಬೇಕು ಎಂದಷ್ಟು ಮಾತ್ರ ಹೇಳಿ, ನಂಜನಗೂಡಿನ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ಆಗುತ್ತದೆ ಎಂದು ತಿಳಿಸಿ ಎದ್ದೆ.

ನಂಜನಗೂಡಿಗೂ ಮದ್ದಿಗೂ ಹಳೆಯ ನಂಟು. ಟಿಪ್ಪುವಿನ ಆನೆಯ ಕಣ್ಣು ವಾಸಿಯಾದ ಕಥೆಯಿಂದ ಶ್ರೀಕಂಠೇಶ್ವರನಿಗೆ ‘ಹಕೀಮ್ ನಂಜುಂಡ’ ಎಂಬ ಹೆಸರು ಬಂತು ಎನ್ನುತ್ತಾರೆ. ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತು ಬರುವವರು ಇಂದಿಗೂ ಕಪಿಲೆಯಲ್ಲಿ (ಕಬಿನಿಗೆ ಇಲ್ಲಿ ಅದೇ ಹೆಸರು) ಮುಳುಗೆದ್ದು ಬರುತ್ತಾರೆ. 1913ರಲ್ಲಿ ಬಿ.ವಿ. ಪಂಡಿತರು ಇಲ್ಲಿ ಕಟ್ಟಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಕನ್ನಡನಾಡಿನ ಮನೆಮನೆಗೆ ಹೋಯಿತು. ಹೊಳೆಯ ಮೇಲಿನ ಹಳೆಯ ಕಲ್ಲಿನ ಸೇತುವೆ 1735ರದು, ಕಳಲೆಯ ದಳವಾಯಿ ದೇವರಾಜಯ್ಯನ ಕಾಲದ್ದು. ಮುಂದೆ ಅದೇ ಸೇತುವೆಯ ಮೇಲೆ ರೈಲೂ ಓಡಿತು. ಕಳಲೆಯವರು ಮೈಸೂರಿಗೆ ಹೋಗುವ ದಾರಿಯನ್ನು ಕಳಲೆಯವರೇ ಕಟ್ಟಿಕೊಟ್ಟಿದ್ದಾರೆ.

ಮನುಷ್ಯನ ಮೂಳೆಯ ಮೊದಲ ಎಕ್ಸ್‌ರೇ ಚಿತ್ರಗಳಲ್ಲಿ ಜಗತ್ತು ಕಂಡದ್ದೂ ಕೈಯನ್ನೇ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಹೊಸ ಕಿರಣವೊಂದನ್ನು ಗುರುತಿಸಿದ ರಾಂಟ್ಗನ್, ಡಿಸೆಂಬರ್ 22ರಂದು ಹೆಂಡತಿಯ ಕೈಯನ್ನು ಫಲಕದ ಮೇಲೆ ಇರಿಸಿ ಚಿತ್ರ ತೆಗೆದ. ಉಂಗುರ ತೊಟ್ಟ ಬೆರಳಿನ ಮೂಳೆ ಕಂಡಿತು. ಇಂದು ಅದೇ ಕೆಲಸ ತಾಲ್ಲೂಕು ಆಸ್ಪತ್ರೆಯ ಕೋಣೆಯಲ್ಲಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಮಣಿಕಟ್ಟಿನ ಎಕ್ಸ್‌ರೇ ಓದುವುದು ಮಾತ್ರ ಅಷ್ಟು ಸಲೀಸಲ್ಲ. ಎಂಟು ಮೂಳೆಗಳು ಎರಡು ಸಾಲಿನಲ್ಲಿ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ಕೂತಿರುತ್ತವೆ. ಮುಂಗೈಗೆ ತಾಗಿದ ಸಾಲಿನಲ್ಲಿ ಹೆಬ್ಬೆರಳಿನ ಕಡೆಯದು ದೋಣಿಯ ಆಕಾರದ ಸ್ಕೇಫಾಯ್ಡ್, ಅದರ ಪಕ್ಕ ನಟ್ಟನಡುವೆ ಅರ್ಧಚಂದ್ರಾಕಾರದ ಲ್ಯೂನೇಟ್. ಮೂಳೆಯೊಳಗಿನ ಗ್ಯಾಂಗ್ಲಿಯಾನ್ ಮಣಿಕಟ್ಟಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಇವೆರಡರಲ್ಲೇ, ಅದರಲ್ಲೂ ಲ್ಯೂನೇಟಿನಲ್ಲಿ. ಚಿತ್ರದಲ್ಲಿ ಅದು ದುಂಡಗಿನ ಕಪ್ಪು ಚುಕ್ಕೆಯಾಗಿ ತೋರುತ್ತದೆ, ಸುತ್ತ ತೆಳ್ಳಗೆ ಬಿಳಿಯ ಅಂಚು. ಮೂಳೆ ತನ್ನೊಳಗಿನ ಟೊಳ್ಳಿಗೆ ಗೋಡೆ ಕಟ್ಟಿಕೊಂಡಿದೆ, ಅಂದರೆ ಅದು ನಿಧಾನವಾಗಿ ಬೆಳೆದಿದೆ ಎಂಬುದರ ಗುರುತು ಆ ಅಂಚು. ಏಕೆ ಆಗುತ್ತದೆ ಎಂಬುದಕ್ಕೆ ವೈದ್ಯಲೋಕದಲ್ಲಿ ಎರಡು ವಿವರಣೆ ಇವೆ. ಪದೇ ಪದೇ ಬೀಳುವ ಸಣ್ಣ ಒತ್ತಡದಿಂದ ಮೂಳೆಯೊಳಗಿನ ಅಂಗಾಂಶ ಕೆಟ್ಟು ಲೋಳೆಯಾಗುತ್ತದೆ ಎಂಬುದು ಒಂದು; ಕೀಲಿನ ಕಡೆಯ ಗ್ಯಾಂಗ್ಲಿಯಾನ್ ಮೂಳೆಯನ್ನು ಕೊರೆದು ಒಳಹೊಕ್ಕುತ್ತದೆ ಎಂಬುದು ಇನ್ನೊಂದು.

ಇಲ್ಲಿ ಎರಡು ಮಾತನ್ನು ಒತ್ತಿ ಹೇಳಬೇಕು. ಎಕ್ಸ್‌ರೇಯಲ್ಲಿ ಕಪ್ಪು ಚುಕ್ಕೆ ಕಂಡವರಿಗೆಲ್ಲ ಆಪರೇಷನ್ ಬೇಕಿಲ್ಲ. ಬೇರೇನಕ್ಕೋ ತೆಗೆಸಿದ ಚಿತ್ರದಲ್ಲಿ ಆಕಸ್ಮಿಕವಾಗಿ ಕಂಡ, ನೋವೇ ಕೊಡದ ಸಿಸ್ಟ್‌ಗಳು ಎಷ್ಟೋ. ಅವನ್ನು ಸುಮ್ಮನೆ ಗಮನಿಸುತ್ತಾ ಇದ್ದರೆ ಸಾಕು. ಹಾಗೆಯೇ ಎಲ್ಲ ಕಪ್ಪು ಚುಕ್ಕೆಯೂ ನಿರುಪದ್ರವಿ ಸಿಸ್ಟ್ ಅಲ್ಲ. ಮುಂಗೈ ಮೂಳೆಯ ತುದಿಯಲ್ಲಿ 20ರಿಂದ 40ರ ವಯಸ್ಸಿನವರಿಗೆ ಬರುವ ಜೈಂಟ್ ಸೆಲ್ ಗೆಡ್ಡೆ ಮೂಳೆಯನ್ನು ತಿಂದುಹಾಕುತ್ತದೆ, ಅದರ ಚಿಕಿತ್ಸೆಯೇ ಬೇರೆ. ರಕ್ತ ಸಾಲದೆ ಲ್ಯೂನೇಟ್ ಮೂಳೆ ಸತ್ತು ಕುಸಿಯುವ ಕಾಯಿಲೆಯನ್ನು 1910ರಲ್ಲಿ ವಿಯೆನ್ನಾದ ಕೀನ್‌ಬಾಕ್ ವಿವರಿಸಿದ. ಅದರಲ್ಲೂ ನೋಯುವುದು ಇದೇ ಜಾಗ. ಕೀಲಿಗೆ ಹತ್ತುವ ಕ್ಷಯವನ್ನಂತೂ ನಮ್ಮ ದೇಶದಲ್ಲಿ ಯಾವ ವೈದ್ಯನೂ ಮರೆಯುವಂತಿಲ್ಲ. ಅದಕ್ಕೇ ಸಿ.ಟಿ., ಎಂ.ಆರ್.ಐ. ಬೇಕಾಗುತ್ತವೆ. ಟೊಳ್ಳಿನ ಗೋಡೆ ಎಷ್ಟು ತೆಳುವಾಗಿದೆ, ಎಲ್ಲಾದರೂ ಒಡೆದು ಕೀಲಿಗೆ ಬಾಯಿ ಬಿಟ್ಟಿದೆಯೇ ಎಂದು ಸಿ.ಟಿ. ಹೇಳುತ್ತದೆ. ಒಳಗಿರುವುದು ದ್ರವವೋ ಗಟ್ಟಿ ಗೆಡ್ಡೆಯೋ, ಸುತ್ತಲ ಮಜ್ಜೆ ಊದಿಕೊಂಡಿದೆಯೋ ಎಂದು ಎಂ.ಆರ್.ಐ. ತೋರಿಸುತ್ತದೆ. ಅಷ್ಟಾದ ಮೇಲೂ ಮೊದಲು ಕೊಡುವುದು ಪಟ್ಟಿ, ವಿಶ್ರಾಂತಿ, ನೋವಿನ ಮಾತ್ರೆ. ತಿಂಗಳುಗಳು ಕಳೆದರೂ ನೋವು ಬಿಡದಿದ್ದರೆ, ಅಥವಾ ಗೋಡೆ ತೆಳುವಾಗಿ ಮೂಳೆ ಬಿರುಕು ಬಿಡುವ ಭಯವಿದ್ದರೆ ಆಗ ಆಪರೇಷನ್ ಮಾತು.

ಸ್ಕ್ಯಾನಿಗೂ ಆಪರೇಷನ್ನಿಗೂ ಮೈಸೂರಿಗೇ ಹೋಗಬೇಕು, ಸುಮಾರು 25 ಕಿಲೋಮೀಟರ್. ದೊಡ್ಡ ವೈದ್ಯಕೀಯ ವಿದ್ಯಾಲಯಗಳಿರುವ ಊರು ಅದು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಬಂದ ಸರ್ಕಾರಿ ಕಾಲೇಜು ಒಂದು. ಇದೇ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ವಿದ್ಯಾಪೀಠ 1984ರಲ್ಲಿ ತೆರೆದದ್ದು ಇನ್ನೊಂದು. ನಾನು ಒಳಗೆ ನಿಂತು ನೋಡಿದ ಆಪರೇಷನ್ ನಡೆದದ್ದು ಮೈಸೂರಿನ ಒಂದು ಆಸ್ಪತ್ರೆಯಲ್ಲಿ. ರೋಗಿ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಫಿಟ್ಟರ್ ಕೆಲಸ ಮಾಡುವ ಯುವಕ. ಲ್ಯೂನೇಟಿನಲ್ಲಿ ಸಿಸ್ಟ್. ಸ್ಪ್ಯಾನರ್ ತಿರುಗಿಸುವಾಗ ಕೈ ಬಿಟ್ಟುಹೋಗುತ್ತಿತ್ತು. ನಾನು ನೋಡಲು ಅವನೂ ಅವನ ಸರ್ಜನ್ನರೂ ಒಪ್ಪಿದ್ದರು.

ಅವನನ್ನು ಪೂರ್ತಿ ಮಲಗಿಸಲಿಲ್ಲ. ಅಲ್ಟ್ರಾಸೌಂಡಿನಲ್ಲಿ ನೋಡಿಕೊಳ್ಳುತ್ತ ತೋಳಿಗೆ ಹೋಗುವ ನರಗಳ ಸುತ್ತ ಮದ್ದು ಚುಚ್ಚಿ ಕೈಯೊಂದನ್ನೇ ಮರಗಟ್ಟಿಸಿದರು. ಆಮೇಲೆ ಕಂಡ ದೃಶ್ಯ ನಾನು ಎಣಿಸಿರದ್ದು. ಕೈಯನ್ನು ಮೇಜಿನ ಮೇಲೆ ಚಾಚಲಿಲ್ಲ, ಮೊಣಕೈ ಮಡಚಿ ಬೆರಳು ಮೇಲೆ ಮಾಡಿ ತೂಗುಹಾಕಿದರು. ಎಳೆದಷ್ಟೂ ಬಿಗಿಯಾಗುವ ಬಲೆಯ ತೊಡುಗೆಯನ್ನು ಎರಡು ಬೆರಳಿಗೆ ತೊಡಿಸಿ ಕಂಬಕ್ಕೆ ಸಿಕ್ಕಿಸಿ, ನಾಲ್ಕೈದು ಕಿಲೋ ಎಳೆತ ಕೊಟ್ಟರು. ಮೂಳೆಗಳ ನಡುವೆ ಕೂದಲೆಳೆಯಷ್ಟಿದ್ದ ಸಂದು ಕೆಲವು ಮಿಲಿಮೀಟರ್ ತೆರೆದುಕೊಳ್ಳಲು ಇಷ್ಟು ಏರ್ಪಾಡು. ಚರ್ಮದ ಮೇಲೆ ಪೆನ್ನಿನಿಂದ ಚುಕ್ಕೆಗಳನ್ನು ಇಟ್ಟರು. ಮುಂಗೈ ಮೂಳೆಯ ಬೆನ್ನಿನ ಮೇಲೆ ಕೈಗೆ ಸಿಗುವ ಒಂದು ಉಬ್ಬಿದೆ, ಅಲ್ಲಿಂದ ಬೆರಳಿನ ಕಡೆಗೆ ಒಂದು ಸೆಂಟಿಮೀಟರ್ ಸರಿದರೆ ಮೆತ್ತಗೆ ಒಳಕ್ಕೆ ಹೋಗುವ ಜಾಗ. ನಿಮ್ಮ ಕೈಯಲ್ಲೂ ಈಗಲೇ ಒತ್ತಿ ನೋಡಬಹುದು. ಮೊದಲ ಬಾಗಿಲು ಅದೇ.

ಸೂಜಿಯಿಂದ ಕೀಲಿನೊಳಕ್ಕೆ ಸಲೈನ್ ಬಿಟ್ಟು ಉಬ್ಬಿಸಿದರು. ಚಾಕು ಮುಟ್ಟಿದ್ದು ಚರ್ಮವನ್ನು ಮಾತ್ರ, ಅರ್ಧ ಸೆಂಟಿಮೀಟರ್. ಆಮೇಲೆ ಹರಿತವಿಲ್ಲದ ಸಣ್ಣ ಇಕ್ಕಳದಿಂದ ದಾರಿ ಬಿಡಿಸಿದರು. ಬೆರಳು ನೀಟುವ ಸ್ನಾಯುರಜ್ಜುಗಳೂ ಕೈಬೆನ್ನಿಗೆ ಸ್ಪರ್ಶ ಕೊಡುವ ನರದ ಎಳೆಗಳೂ ಅಲ್ಲೇ ಹಾದುಹೋಗುತ್ತವೆ, ಅವನ್ನು ಪಕ್ಕಕ್ಕೆ ಸರಿಸಬೇಕೇ ಹೊರತು ಕೊಯ್ಯುವಂತಿಲ್ಲ. ಆ ದಾರಿಯಲ್ಲಿ ಎರಡು-ಎರಡೂವರೆ ಮಿಲಿಮೀಟರ್ ದಪ್ಪದ ದರ್ಶಕ ನಳಿಕೆ ಒಳಗೆ ಹೋಯಿತು. ಅದರ ತುದಿಯ ಮಸೂರ 30 ಡಿಗ್ರಿ ಓರೆ. ನಳಿಕೆಯನ್ನು ಇದ್ದಲ್ಲೇ ತಿರುಗಿಸಿದರೆ ಸುತ್ತಲೂ ನೋಡಬಹುದು.

ಪರದೆಯ ಮೇಲೆ ಮಣಿಕಟ್ಟಿನ ಒಳಗು ತೆರೆಯಿತು. ನಾನು ಅಲ್ಲಿಯವರೆಗೆ ಮೂಳೆ ಎಂದರೆ ಎಕ್ಸ್‌ರೇಯ ಬೂದು ಬಣ್ಣ ಎಂದುಕೊಂಡಿದ್ದೆ. ಇಲ್ಲಿ ಎಲ್ಲವೂ ಮುತ್ತಿನ ಬಿಳುಪು, ನೀರಿನಲ್ಲಿ ಮುಳುಗಿ ಹೊಳೆಯುತ್ತಿತ್ತು. ಕೆಳಗೆ ಮುಂಗೈ ಮೂಳೆಯ ತುದಿ, ಅದರಲ್ಲಿ ಅಕ್ಕಪಕ್ಕ ಎರಡು ತಗ್ಗು, ನಡುವೆ ಸಣ್ಣ ದಿಬ್ಬ. ಮೇಲೆ ಎಡಗಡೆ ಸ್ಕೇಫಾಯ್ಡಿನ ಉಬ್ಬು, ಬಲಗಡೆ ಲ್ಯೂನೇಟಿನದು. ಎರಡನ್ನೂ ಕಟ್ಟಿ ಹಿಡಿದ ಅಸ್ಥಿರಜ್ಜು ನುಣುಪಾಗಿ ಒಂದರಿಂದ ಇನ್ನೊಂದಕ್ಕೆ ಹಾದಿತ್ತು. ಅದು ಹರಿದಿದ್ದರೆ ಮಣಿಕಟ್ಟು ಸಡಿಲ, ನೋವಿಗೆ ಬೇರೆಯದೇ ಕಾರಣ. ಎರಡನೇ ಬಾಗಿಲಿಂದ ಹೋದ ಕೊಕ್ಕೆ ಅದನ್ನು ಅಲ್ಲಲ್ಲಿ ಮೆಲ್ಲನೆ ಮೀಟಿ ಪರೀಕ್ಷಿಸಿತು. ಗಟ್ಟಿಯಿತ್ತು. ಮುಂದಕ್ಕೆ ಕಿರುಬೆರಳಿನ ಕಡೆಗೆ ಹೋದರೆ ಮುಂಗೈಯ ಎರಡನೇ ಮೂಳೆಗೆ ಹಾಸಿದ ಮೃದ್ವಸ್ಥಿಯ ತ್ರಿಕೋನ ಗಾದಿ. ಒತ್ತಿದರೆ ತಗ್ಗಿ, ಬಿಟ್ಟರೆ ಪುಟಿಯಿತು. ಅದೂ ಕ್ಷೇಮ. ನೋವು ಸಿಸ್ಟಿನದೇ ಎಂದು ಸರ್ಜನ್ ಗಟ್ಟಿ ಮಾಡಿಕೊಂಡದ್ದು ಹೀಗೆ ಪ್ರತಿ ಮೂಲೆಯನ್ನೂ ನೋಡಿ ಮುಗಿಸಿದ ಮೇಲೆ. ಈ ವಿಧಾನದ ದೊಡ್ಡ ಲಾಭ ಚಿಕ್ಕ ಗಾಯವಲ್ಲ, ಹೀಗೆ ಎಲ್ಲವನ್ನೂ ಜೀವಂತವಾಗಿ ನೋಡಲು ಸಿಗುವ ಅವಕಾಶ ಎಂದು ನನಗೆ ಅನ್ನಿಸಿತು.

ಸಿಸ್ಟ್ ಇದ್ದದ್ದು ಮೂಳೆಯ ಒಳಗೆ. ಹೊರಗಿನಿಂದ ಅದರ ಸುಳಿವೇ ಇಲ್ಲ. ಅಲ್ಲಿಗೆ ಹೋಗಲು ಸಿ-ಆರ್ಮ್ ಎಂಬ ಓಡಾಡುವ ಎಕ್ಸ್‌ರೇ ಯಂತ್ರವನ್ನು ಪಕ್ಕಕ್ಕೆ ತಂದರು. ಒಂದು ಪರದೆಯಲ್ಲಿ ಕೀಲಿನ ಒಳನೋಟ, ಇನ್ನೊಂದರಲ್ಲಿ ಮೂಳೆಯ ನೆರಳು. ಎರಡನ್ನೂ ನೋಡುತ್ತ ಲ್ಯೂನೇಟಿನ ಬೆನ್ನಿನ ಕಡೆ, ಮೃದ್ವಸ್ಥಿಯ ಹೊದಿಕೆ ಇಲ್ಲದ ಅಂಚಿನಲ್ಲಿ ಸಣ್ಣ ತಂತಿಯನ್ನು ಊರಿದರು. ಸೀಲಿಂಗಿನ ಕಡೆಗೆ ನೆಟ್ಟ ಆ ಕೈಯಲ್ಲಿ ತಂತಿಯ ತುದಿ ಕಪ್ಪು ಚುಕ್ಕೆಯ ನಡುವೆ ನಿಂತಿತು. ಅದರ ಮೇಲೆ ಪೊಳ್ಳು ಬೈರಿಗೆ ಹಾಯಿಸಿ ಮೂಳೆಗೆ ಕಿಂಡಿ ಮಾಡಿದರು. ಕಿಂಡಿಯ ಬಾಯಲ್ಲಿ ನಸುಹಳದಿಯ ಅಂಟಾದ ಲೋಳೆ ಉಕ್ಕಿ ನೀರಿನಲ್ಲಿ ಎಳೆ ಎಳೆಯಾಗಿ ಹರಡಿತು. ಎರಡು ವರ್ಷ ಕಾಡಿದ್ದು ಅಷ್ಟೇ ಲೋಳೆ.

ಅದನ್ನು ಹೀರಿ ತೆಗೆದರೆ ಕೆಲಸ ಮುಗಿಯದು. ಟೊಳ್ಳಿನ ಒಳಪದರವನ್ನು ಬಿಟ್ಟರೆ ಮತ್ತೆ ತುಂಬುತ್ತದೆ. ಸಣ್ಣ ಚಮಚದಂಥ ಉಪಕರಣದಿಂದ ಗೋಡೆಯನ್ನು ಕೆರೆದು, ತೆಗೆದ ಪದರವನ್ನು ಸೀಸೆಯಲ್ಲಿ ಹಾಕಿ ಪೆಥಾಲಜಿಗೆ ಕಳಿಸಿದರು. ಸಿಸ್ಟ್ ಎಂದು ಕಣ್ಣಿಗೆ ಎಷ್ಟೇ ಖಚಿತವಾಗಿದ್ದರೂ ಸೂಕ್ಷ್ಮದರ್ಶಕದ ಮಾತೇ ಕೊನೆಯದು. ಆಮೇಲೆ ದರ್ಶಕ ನಳಿಕೆಯನ್ನೇ ಕಿಂಡಿಯ ಮೂಲಕ ಟೊಳ್ಳಿನೊಳಗೆ ತೂರಿಸಿದರು. ಮನುಷ್ಯನ ಮೂಳೆಯೊಂದರ ಹೊಟ್ಟೆಯಲ್ಲಿ ನಿಂತು ಸುತ್ತ ನೋಡುವುದೆಂದರೆ ಏನು ಎಂದು ಅಂದು ತಿಳಿಯಿತು. ಕೆರೆದ ಕಡೆಯಲ್ಲೆಲ್ಲ ಆರೋಗ್ಯವಂತ ಮೂಳೆಯ ಜಾಲರಿ, ಅಲ್ಲಲ್ಲಿ ಕೆಂಪು ಹನಿ. ಒಂದು ಮೂಲೆಯಲ್ಲಿ ಪದರ ಇನ್ನೂ ಉಳಿದಿತ್ತು. ಮತ್ತೆ ಕೆರೆದರು.

ಬರಿದಾದ ಜಾಗ ತುಂಬಲು ಮೂಳೆ ಬೇಕು. ಅದಕ್ಕೂ ದೂರ ಹೋಗಲಿಲ್ಲ. ಅದೇ ಮುಂಗೈ ಮೂಳೆಯ ತುದಿಯಿಂದ ಇನ್ನೊಂದು ಸಣ್ಣ ಕಿಂಡಿಯಲ್ಲಿ ಒಳಗಿನ ಮೆತ್ತನೆಯ ಮೂಳೆಯನ್ನು ತೆಗೆದರು. ಒಣಕೊಬ್ಬರಿ ತುರಿಯಂತೆ ಉದುರುದುರು, ಬಣ್ಣ ಮಾತ್ರ ಕೆಂಪು. ಕೀಲಿನ ನೀರೆಲ್ಲ ಖಾಲಿ ಮಾಡಿ, ಕೊಳವೆಯ ಮೂಲಕ ಆ ತುರಿಯನ್ನು ಟೊಳ್ಳಿಗೆ ತಳ್ಳಿ ತಳ್ಳಿ ತುಂಬಿದರು. ಸಿ-ಆರ್ಮಿನಲ್ಲಿ ಕಪ್ಪು ಚುಕ್ಕೆ ಬೂದಾಯಿತು. ಚರ್ಮದ ಬಾಗಿಲುಗಳಿಗೆ ಒಂದೊಂದು ಹೊಲಿಗೆ.

ತೆರೆದು ಮಾಡುವ ಹಳೆಯ ಆಪರೇಷನ್ನೂ ಕೆಟ್ಟದ್ದಲ್ಲ. ಇಂದಿಗೂ ಎಷ್ಟೋ ಕಡೆ ಅದನ್ನೇ ಮಾಡುತ್ತಾರೆ, ವಾಸಿಯೂ ಆಗುತ್ತದೆ. ಆದರೆ ಅಲ್ಲಿ ಕೈಬೆನ್ನಿನ ಮೇಲೆ ಹಲವು ಸೆಂಟಿಮೀಟರ್ ಕೊಯ್ದು, ಕೀಲಿನ ಹೊದಿಕೆಯನ್ನು ಬಿಡಿಸಿ, ಮತ್ತೆ ಹೊಲಿಯಬೇಕು. ಆ ಹೊದಿಕೆ ಕಲೆಗಟ್ಟಿ ಬಿಗಿದುಕೊಂಡರೆ ಮಣಿಕಟ್ಟು ಮೊದಲಿನಷ್ಟು ಬಾಗುವುದಿಲ್ಲ. ಇನ್ನೊಂದು ಕಾರಣ ರಕ್ತದ್ದು. ಲ್ಯೂನೇಟಿಗೂ ಸ್ಕೇಫಾಯ್ಡಿಗೂ ರಕ್ತನಾಳಗಳು ಒಳಹೊಗಲು ಇರುವ ಜಾಗವೇ ಕಡಿಮೆ, ಬಹುಪಾಲು ಮೈ ಮೃದ್ವಸ್ಥಿಯಿಂದ ಮುಚ್ಚಿಹೋಗಿದೆ. ಸ್ಕೇಫಾಯ್ಡಿಗಂತೂ ಹೆಚ್ಚಿನ ರಕ್ತ ಬರುವುದು ಬೆನ್ನಿನ ಕಡೆಯ ಅಂಚಿನಿಂದ. ಸಿಸ್ಟ್ ತೆಗೆಯಲು ಹೋಗಿ ಆ ನಾಳಗಳನ್ನು ಕಡಿದರೆ ಮೂಳೆಯೇ ಸಾಯಬಹುದು. ಸಣ್ಣ ದಾರಿಯಲ್ಲಿ ಹೋಗುವುದಕ್ಕೆ ಅರ್ಥ ಬರುವುದು ಇಲ್ಲಿ. ಆದರೂ ಒಂದನ್ನು ಹೇಳಬೇಕು: ಈ ತೊಂದರೆಯೇ ಅಪರೂಪದ್ದು, ಆದ್ದರಿಂದ ಪ್ರಪಂಚದ ಎಲ್ಲೆಡೆಯ ವರದಿಗಳೂ ಚಿಕ್ಕ ಚಿಕ್ಕ ಗುಂಪಿನ ರೋಗಿಗಳವು. ಸಿಸ್ಟ್ ಇರುವ ಜಾಗ, ಸರ್ಜನ್ನರ ಪಳಗಿದ ಕೈ ಇವೆರಡನ್ನು ನೋಡಿ ದಾರಿ ಆರಿಸಬೇಕು.

ಪಳಗಿದ ಕೈ ಎಂಬುದು ಸುಮ್ಮನೆ ಬರುವುದಲ್ಲ. 1918ರಲ್ಲಿ ಟೋಕಿಯೊದ ಕೆಂಜಿ ತಾಕಾಗಿ ಮೂತ್ರಕೋಶ ನೋಡುವ ನಳಿಕೆಯನ್ನು ಶವವೊಂದರ ಮಂಡಿಗೆ ತೂರಿಸಿ ನೋಡಿದ. ಅವನ ಶಿಷ್ಯ ಮಸಾಕಿ ವತನಾಬೆ 1962ರಲ್ಲಿ ಹಾಗೆ ನೋಡುತ್ತಲೇ ಮಂಡಿಯ ಹರಿದ ಗಾದಿಯನ್ನು ತೆಗೆದ. ಮಂಡಿ ದೊಡ್ಡ ಕೀಲು. ಮಣಿಕಟ್ಟಿಗೆ ಹೊಂದುವ ಸಣ್ಣ ನಳಿಕೆಯ ವರದಿ ಬಂದದ್ದು 1979ರಲ್ಲಿ, ಬಾಗಿಲುಗಳ ನಕ್ಷೆ ಗಟ್ಟಿಯಾದದ್ದು 80ರ ದಶಕದಲ್ಲಿ. ನಮ್ಮ ನೆರೆಯಲ್ಲಿ ಕೈಯ ಶಸ್ತ್ರಚಿಕಿತ್ಸೆಗೆ ಅದಕ್ಕೂ ಹಳೆಯ ಬೇರಿದೆ. 1946ರಲ್ಲಿ ವೆಲ್ಲೂರಿಗೆ ಬಂದ ಪಾಲ್ ಬ್ರಾಂಡ್ 1948ರಿಂದ ಕುಷ್ಠರೋಗಿಗಳ ಮಡಚಿಹೋದ ಬೆರಳುಗಳನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡಿದರು. ಕೈ ದುಡಿಯದಿದ್ದರೆ ಬಡವನ ಬದುಕೇ ನಿಲ್ಲುತ್ತದೆ ಎಂಬ ತಿಳಿವಿನಿಂದ ಹುಟ್ಟಿದ ವಿದ್ಯೆ ಅದು. ಇಂದು ಮಣಿಪಾಲದಲ್ಲಿ ಕೈಯ ಶಸ್ತ್ರಚಿಕಿತ್ಸೆಗೆಂದೇ ವಿಭಾಗವಿದೆ. ಚಾಮರಾಜನಗರದ ಘಾಟಿ ಇಳಿದರೆ ಕೊಯಮತ್ತೂರಿನ ಗಂಗಾ ಆಸ್ಪತ್ರೆ ಇದೇ ವಿದ್ಯೆಗೆ ದೇಶದಲ್ಲೆಲ್ಲ ಹೆಸರುವಾಸಿ.

ಖರ್ಚಿನ ಮಾತು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಕೊಡುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಹಾಲಿನ ಸೊಸೈಟಿಯಂಥ ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾದ ಯಶಸ್ವಿನಿ ನಡುವೆ ನಿಂತು 2022ರಲ್ಲಿ ಮತ್ತೆ ಬಂದಿದೆ. ಯಾವ ಆಪರೇಷನ್ ಯಾವುದರಲ್ಲಿ ಸೇರುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಬಳಿ ಮೊದಲೇ ವಿಚಾರಿಸಬೇಕು. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಲ್ಲದೆ ನೇರ ದೊಡ್ಡ ಆಸ್ಪತ್ರೆಗೆ ಹೋದವರು ಬಸ್ ಚಾರ್ಜು ಕಳೆದುಕೊಂಡು ವಾಪಸಾಗುತ್ತಾರೆ. ಕಳಲೆಯವರಿಗೆ ನಂಜನಗೂಡಿನ ತಾಲ್ಲೂಕು ಆಸ್ಪತ್ರೆಯ ಮೆಟ್ಟಿಲು ಮೊದಲು ಹತ್ತುವುದರಿಂದ ಎಕ್ಸ್‌ರೇಯೂ ಚೀಟಿಯೂ ಒಂದೇ ಕಡೆ ಸಿಗುತ್ತವೆ.

ಆದರೆ ಯಾವ ಯೋಜನೆಯೂ ಕೊಡದ ಒಂದು ವಸ್ತು ಇದೆ, ಬಿಡುವು. ತುಂಬಿದ ತುರಿ ಮೂಳೆಯ ಜೊತೆ ಬೆಸೆಯಲು ವಾರಗಳು ಬೇಕು. ಮೊದಲ ಕೆಲವು ವಾರ ಪಟ್ಟಿ, ಆಮೇಲೆ ನಿಧಾನವಾಗಿ ಬಾಗಿಸುವ ವ್ಯಾಯಾಮ, ಭಾರ ಹೊರುವ ಕೆಲಸಕ್ಕೆ ಸುಮಾರು ಮೂರು ತಿಂಗಳು ರಜೆ, ಅದೂ ಎಕ್ಸ್‌ರೇ ನೋಡಿಕೊಂಡು. ಕಾರ್ಖಾನೆಯ ಹುಡುಗನಿಗೆ ಹಗುರ ಕೆಲಸ ಕೊಡಿಸಲು ಸರ್ಜನ್ನರ ಪತ್ರ ಸಾಕಾಯಿತು. ಎರಡು ಹಸು ಕಟ್ಟಿದ ಹೆಂಗಸಿಗೆ ಅಂಥ ಪತ್ರವನ್ನು ಯಾರಿಗೆ ಬರೆದುಕೊಡುವುದು? ಹಾಲು ಕರೆಯುವುದು, ಗಂಜಲ ಬಳಿಯುವುದು, ನೀರು ಹೊರುವುದು ಮೂರು ತಿಂಗಳು ಗಂಡಸರ ಪಾಲಿಗೆ ಬರದಿದ್ದರೆ ಎಂಥ ಸೂಕ್ಷ್ಮ ಆಪರೇಷನ್ನೂ ವ್ಯರ್ಥ. ಆಪರೇಷನ್ನಿನ ದಿನ ಗೊತ್ತು ಮಾಡುವಾಗಲೇ ಮನೆಯವರನ್ನೆಲ್ಲ ಕೂರಿಸಿಕೊಂಡು ಇದನ್ನು ಮಾತಾಡುವ ವೈದ್ಯರು ಹೆಚ್ಚಾಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಾರ್ಡಿಗೆ ಬಂದಾಗ ಹುಡುಗನ ತಾಯಿ ಊಟದ ಕ್ಯಾರಿಯರ್ ಹಿಡಿದು ಕಾದಿದ್ದರು. ಬಲಗೈಗೆ ಪಟ್ಟಿ ನೋಡಿ ಅವರ ಮೊದಲ ಪ್ರಶ್ನೆ ಊಟದ್ದೇ: “ಇನ್ನು ಎಡಗೈಲಿ ಉಣ್ಣಬೇಕಾ ಇವನು?” ಫಿಸಿಯೋಥೆರಪಿಯ ಹುಡುಗಿ ನಕ್ಕು, “ಬೇಡಮ್ಮ, ಬಲಗೈಲೇ ಉಣ್ಲಿ” ಎಂದು ಪಟ್ಟಿಯ ಅಂಚು ತೋರಿಸಿದಳು. ಪಟ್ಟಿ ಅಂಗೈಯ ಗೆರೆಯ ಹತ್ತಿರವೇ ನಿಂತಿತ್ತು, ಐದು ಬೆರಳೂ ಹೊರಗೇ ಇದ್ದವು. ಮರಗಟ್ಟಿದ್ದು ಬಿಟ್ಟು ಸ್ಪರ್ಶ ಪೂರ್ತಿ ಬರುವವರೆಗೆ ಬಿಸಿ ಮುಟ್ಟಬಾರದು. ಬಂದ ಮೇಲೆ ಮುದ್ದೆ ಮುರಿಯಲಿ, ಅದ್ದಲಿ, ಬಾಯಿಗೆ ಇಡಲಿ. ಬೆರಳು ಬಿಗಿಯದಂತೆ ನೋಡಿಕೊಳ್ಳಲು ಅದಕ್ಕಿಂತ ಒಳ್ಳೆಯ ವ್ಯಾಯಾಮ ಅವಳ ಬಳಿ ಇರಲಿಲ್ಲ. “ಸಾರು ಮಾತ್ರ ಕಮ್ಮಿ ಬಿಡಿ, ಪಟ್ಟಿ ನೆನೀಬಾರ್ದು” ಎಂದು ಹೇಳಿ, ಹೊಲಿಗೆ ಬಿಚ್ಚಲು ಬರಬೇಕಾದ ತಾರೀಕನ್ನು ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಟ್ಟಳು.